ಮದ್ದು ಹಾಕಿದ ಸಂಕ

ಮಂಕಿಯ ಕಡಲ ಬದಿಯ ಕೇರಿಯಲ್ಲಿ ಮಾಬ್ಲ ನಾಯ್ಕ ಎಂಬವನು ಮೂವತ್ತೆಂಟು ವರ್ಷ ಯಾವ ವಿಷಯದಲ್ಲೂ ಪಂಡಿತನಾಗದೆ ಸುಖವಾಗಿದ್ದ. ಆಮೇಲೆ ಅವನಿಗೆ ಗೇರುಸೊಪ್ಪದಾಚೆಯ ಒಂದು ಕಟ್ಟಿಗೆ ಡಿಪೋದಲ್ಲಿ ಮೂರು ತಿಂಗಳ ಕೆಲಸ ಸಿಕ್ಕಿತು. ಊರಿಗೆ ಕಷ್ಟ ಶುರುವಾದದ್ದು ಅಲ್ಲಿಂದ.

ಕೆಲಸವೇನೂ ದೊಡ್ಡದಲ್ಲ. ದಿಮ್ಮಿಗಳ ತುದಿಗೆ ಡಾಂಬರಿನಲ್ಲಿ ನಂಬರು ಬರೆಯುವುದು. ಆದರೆ ಮೂರು ತಿಂಗಳು ಮರದ ಜೊತೆ ಇದ್ದವನಿಗೆ ಮರದ ಗುಟ್ಟು ತಿಳಿಯದೆ ಹೋದೀತೇ? ಊರಿಗೆ ಮರಳುವಾಗ ಮಾಬ್ಲ ಒಂದು ಖಾಕಿ ಚಡ್ಡಿಯನ್ನೂ, ಕಂಡ ಕಂಡ ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಚಟವನ್ನೂ ತಂದ. ಯಾರ ಮನೆಗೆ ಹೋದರೂ ಮೊದಲು ಬಾಗಿಲ ಚೌಕಟ್ಟನ್ನು ತಟ್ಟುವನು, ಕಿವಿಯಿಟ್ಟು ಕೇಳುವನು, ನಿಟ್ಟುಸಿರು ಬಿಟ್ಟು "ಇನ್ನೆರಡು ಮಳೆಗಾಲ" ಎನ್ನುವನು. ಅಣ್ಣನ ಮಗಳ ಮದುವೆಯಲ್ಲಿ ಮದುಮಗ ಕೂತಿದ್ದ ಮಣೆಯನ್ನು ತಟ್ಟಿ "ಇದು ಹೆಚ್ಚಂದ್ರೆ ಒಂದು ವರ್ಷ" ಎಂದಿದ್ದ. ಗಂಡಿನ ಕಡೆಯವರು ಅದನ್ನು ಮದುಮಗನ ಆಯುಸ್ಸೆಂದು ತಿಳಿದು, ಬಡಿಸಿದ ಎಲೆ ಬಿಟ್ಟು ಎದ್ದಿದ್ದರು. ಅವರನ್ನು ಮತ್ತೆ ಕೂರಿಸುವಷ್ಟರಲ್ಲಿ ಪಾಯಸ ತಣ್ಣಗಾಗಿತ್ತು.

"ಬಾಯಿ ಮುಚ್ಕೊಂಡು ಕೂರೂಕೆ ಎಂತ ಆಗ್ತದೆ ನಿಮಗೆ?" ಎಂದು ಹೆಂಡತಿ ಮಾಸ್ತಮ್ಮ ಕೇಳಿದಳು.

"ಗೊತ್ತಿದ್ದವ ಹೇಳ್ದೆ ಇದ್ರೆ ಪಾಪ ಬತ್ತದೆ ಮಾರಾಯ್ತಿ," ಎಂದ ಮಾಬ್ಲ.

ಕೇರಿಗೂ ಬಸ್ಸಿನ ರಸ್ತೆಗೂ ನಡುವೆ ಒಂದು ಹಳ್ಳವಿತ್ತು. ಕಡಲು ಹತ್ತಿರವಾದ್ದರಿಂದ ಇಳಿತದಲ್ಲಿ ಮೊಣಕಾಲು ನೀರು, ಭರತ ಏರಿದರೆ ಎದೆಮಟ್ಟ. ವರ್ಷಕ್ಕೊಮ್ಮೆ ಎರಡು ತೆಂಗಿನ ಕಾಂಡ ಅಡ್ಡ ಹಾಕಿ ಅದನ್ನೇ ಸಂಕ ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಅದು ಕುಂಬಾಗಿ ಮುರಿದು ಯಾರನ್ನಾದರೂ ನೀರಿಗೆ ಹಾಕುತ್ತಿತ್ತು. ಬಡವರು ಬಿದ್ದಷ್ಟು ಕಾಲ ಅದು ದೈವೇಚ್ಛೆಯಾಗಿತ್ತು. ಪಂಚಾಯತಿಗೆ ಹೊಸ ಕಾಯಿದೆ ಬಂದ ಎರಡನೆಯ ವರ್ಷ ಚೇರ್ಮನ್ ಬೊಮ್ಮಯ್ಯನವರೇ ಕೈಯಲ್ಲಿದ್ದ ಫೈಲಿನ ಸಮೇತ ಬಿದ್ದರು. ಮರುದಿನವೇ ಅದು ಸಾರ್ವಜನಿಕ ಸಮಸ್ಯೆಯಾಗಿ ಶಾಲೆಯಲ್ಲಿ ಸಭೆ ಸೇರಿತು.

ಸಭೆಯಲ್ಲಿ ಕಲ್ಲಿನ ಸಂಕವೋ ಮರದ್ದೋ ಎಂದು ಎರಡು ತಾಸು ಮಾತಾಯಿತು. ಆಗ ಖಾಕಿ ಚಡ್ಡಿ ಎದ್ದು ನಿಂತಿತು.

"ಮರದ್ದೇ ಆಗೂಕು. ಆದ್ರೆ ಮದ್ದು ಹಾಕಿದ ಮರ," ಎಂದ ಮಾಬ್ಲ. "ದೊಡ್ಡ ಕಬ್ಬಿಣದ ಹಂಡೆ ಒಳಗೆ ಹಲಗೆ ತುಂಬಿ, ಬಾಯಿ ಬಿಗಿದು, ತಾಮ್ರದ ಉಪ್ಪಿನ ಮದ್ದು ನುಗ್ಗಿಸ್ತ್ರು. ಮರದ ನರನರಕ್ಕೂ ಇಳೀತದೆ. ಆಮೇಲೆ ಗೆದ್ದಲು ಮುಟ್ಟೂದಿಲ್ಲ, ಉಪ್ಪುನೀರಿನ ಹುಳ ಮೂಸೂದಿಲ್ಲ. ಐವತ್ತು ವರ್ಷ!"

ಮಾಬ್ಲ ಆ ಹಂಡೆಯನ್ನು ಕಣ್ಣಿನಿಂದ ಕಂಡವನಲ್ಲ. ಹಸಿರು ಬಣ್ಣದ ಹಲಗೆ ಹೇರಿದ ಲಾರಿಗಳು ಬೇಲಿಯಾಚೆ ಹೋಗುವುದನ್ನು ಕಂಡಿದ್ದ. ಉಳಿದದ್ದನ್ನು ಲಾರಿಯ ಕ್ಲೀನರ್ ಹೇಳಿದ್ದ. ಆದರೆ ಅವನು ಹೇಳಿದ್ದೆಲ್ಲ ನಿಜವೇ ಆಗಿತ್ತು. ಅರ್ಧ ತಿಳಿದವನಿಗೆ ಅಪಾಯ ಬರುವುದು ಹೀಗೆ, ಮೊದಲರ್ಧ ಸರಿಯಾಗಿಬಿಡುವುದರಿಂದ. ಬೊಮ್ಮಯ್ಯನವರು ಅಲ್ಲೇ ಅರ್ಜಿ ಬರೆಸಿದರು. ಸಂಕದ ಉಸ್ತುವಾರಿಗೆ ಮಾಬ್ಲನನ್ನೇ ನೇಮಿಸಿದರು.

ಯುಗಾದಿಯ ಹೊತ್ತಿಗೆ ಲಾರಿ ಬಂತು. ಇಪ್ಪತ್ತೆರಡು ಹಲಗೆ, ನಾಲ್ಕು ತೊಲೆ, ಎಲ್ಲವೂ ಪಾಚಿ ಮೆತ್ತಿದಂಥ ಹಸಿರು. ಮೇಲಿನ ಹಲಗೆಗೆ ಒಂದು ಅಚ್ಚುಹಾಕಿದ ಇಂಗ್ಲಿಷ್ ಕಾಗದ ಅಂಟಿತ್ತು. ಊರು ಸುತ್ತ ನಿಂತು, "ಎಂತ ಬರದಿದಾರೆ ಮಾಬ್ಲಣ್ಣಾ?" ಎಂದಿತು.

ಮಾಬ್ಲ ಕಾಗದವನ್ನು ಕಿತ್ತು, ದೂರ ಹಿಡಿದು, ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡ. "ಮರ ಒಳ್ಳೇದದೆ, ಜೋಪಾನ ಮಾಡಿ ಹೇಳಿ ಬರದಿದಾರೆ," ಎಂದು ಮಡಚಿ ಚಡ್ಡಿಯ ಜೇಬಿಗೆ ಹಾಕಿದ. ಶಾಲೆಯ ವೆಂಕ್ಟ್ರಮಣ ಮಾಸ್ತರು ಇಂಗ್ಲಿಷ್ ಬಲ್ಲವರು. ಅವರು ಕೈ ಚಾಚಿ "ಕೊಡು ಕಾಂಬ" ಎಂದರು. "ಅದು ಆಫೀಸಿನ ಕಾಗದ ಮಾಸ್ತರೇ, ಉಸ್ತುವಾರಿ ಹತ್ರವೇ ಇರೂಕು," ಎಂದ ಮಾಬ್ಲ. ಮಾಸ್ತರು ಕೈ ಹಿಂದಕ್ಕೆ ತೆಗೆದುಕೊಂಡರು.

ಇನ್ನು ಮೊಳೆ. ಜಟ್ಟಿ ಆಚಾರಿ ದೋಣಿ ಕಟ್ಟುವ ಕೈಯವನು, ಮಾತು ಕಡಿಮೆ. "ದೋಣಿಗೆ ನಾವು ತಾಮ್ರದ ಮೊಳೆ ಹೊಡೀತೇವೆ," ಎಂದಷ್ಟೇ ಹೇಳಿದ. ಇಬ್ಬರೂ ಬಸ್ಸು ಹತ್ತಿ ಭಟ್ಕಳಕ್ಕೆ ಹೋದರು. ಪೇಟೆಯಲ್ಲಿ ಮೀರಾ ಸಾಹೇಬರ ಮೊಳೆ ಅಂಗಡಿ ಎಂದರೆ ಕುಮಟೆಯವರೆಗೂ ದೋಣಿಯವರಿಗೆಲ್ಲ ಗೊತ್ತು. ಸಾಹೇಬರು ಮಾಬ್ಲ ತಂದಿದ್ದ ಹಸಿರು ಚಕ್ಕೆಯನ್ನು ತಿರುಗಿಸಿ ನೋಡಿ, ಮೂಸಿ, ಕೆಳಗಿಟ್ಟು ಕೈ ತೊಳೆದುಕೊಂಡು ಬಂದರು.

"ಇದಕ್ಕೆ ತಾಮ್ರದ ಮದ್ದು ಕುಡಿಸಿದಾರೆ. ಕಬ್ಬಿಣ ಬೇಡ ಮಾಬ್ಲಣ್ಣ. ತಾಮ್ರದ್ದು ಹಾಕಿ, ಇಲ್ಲಾಂದ್ರೆ ಸತುವಿನಲ್ಲಿ ಮುಳುಗಿಸಿದ್ದು ಬರ್ತದೆ, ಬಿಳಿ ಮೊಳೆ. ಅದನ್ನಾದ್ರೂ ಹಾಕಿ."

ಮಾಬ್ಲನಿಗೆ ಮುಖ ಸಣ್ಣದಾಯಿತು. ಸಾಹೇಬರು ಹೇಳಿದ್ದು ತಪ್ಪೆಂದಲ್ಲ. ತನಗಿಂತ ಮೊದಲು ಹೇಳಿದರೆಂದು.

"ಎಂತಕೆ ಬೇಡ?" ಎಂದ.

"ಒಂದು ಮನೇಲಿ ಇಬ್ರು ಸವತೀರು ಇದ್ದ ಹಾಂಗೆ. ಮರದೊಳಗಿನ ತಾಮ್ರ, ಹೊರಗಿನ ಕಬ್ಬಿಣ, ನಡುವೆ ಉಪ್ಪುನೀರು ಜಗಳ ಹಚ್ಚೂಕೆ. ತಾಮ್ರದವಳು ಕಬ್ಬಿಣದವಳನ್ನು ತಿಂದೇ ಬಿಡ್ತಾಳೆ."

"ಸಾಹೇಬ್ರೇ, ನಾನು ಡಿಪೋದಲ್ಲಿ ಇದ್ದು ಬಂದವ," ಎಂದ ಮಾಬ್ಲ. "ತಾಮ್ರ ಮೆತ್ತಗೆ. ತಂಬಿಗೆಗೆ ಆತು, ಆರತಿ ತಟ್ಟೆಗೆ ಆತು. ಸಂಕದ ಮೇಲೆ ಊರೇ ನಡೀತದೆ. ಕಬ್ಬಿಣ ಅಂದ್ರೆ ಕಬ್ಬಿಣ. ಆ ಕರಿ ಮೊಳೆ ಕೊಡಿ, ಗೇಣುದ್ದದ್ದು."

ಸಾಹೇಬರು ಜಟ್ಟಿಯ ಮುಖ ನೋಡಿದರು. ಜಟ್ಟಿ ರಸ್ತೆಯ ಮೇಲೆ ಹೋಗುತ್ತಿದ್ದ ಎಮ್ಮೆಯನ್ನು ನೋಡಿದ. ಸಾಹೇಬರು ಕರಿ ಮೊಳೆ ಕಟ್ಟಿಕೊಟ್ಟರು.

ಶ್ರಮದಾನದಲ್ಲಿ ಸಂಕ ಎದ್ದಿತು. ಆಗಿನ ಶ್ರಮದಾನವೆಂದರೆ ಇಬ್ಬರು ಮೊಳೆ ಹೊಡೆಯುವುದು, ನಲವತ್ತು ಮಂದಿ ಎಲ್ಲಿ ಹೊಡೆಯಬೇಕೆಂದು ಹೇಳುವುದು. ಮೂರನೆಯ ದಿನ ಸಂಜೆ ಹಳ್ಳದ ಮೇಲೆ ನೆಟ್ಟಗೆ, ಹಸಿರಾಗಿ, ಕೈಪಟ್ಟಿ ಸಮೇತ ಒಂದು ಸಂಕ ನಿಂತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಜನವೆಲ್ಲ ಸಂಕದ ಕೆಳಗೆ ನೀರಿನಲ್ಲಿ ನಡೆಯುತ್ತಿದ್ದರು.

ಆದದ್ದು ಇಷ್ಟು. ಮೀನು ಮಾರುವ ಸುಕ್ರಿ ಹಿಂದಿನ ಸಂಜೆ ಉದ್ಘಾಟನೆ ಮುಗಿಯುತ್ತಲೇ ಸಂಕ ದಾಟಿ ಮನೆಗೆ ಹೋಗಿ, ಹಳಸಿದ ಮೀನಿನ ಸುಕ್ಕೆ ತಿಂದು, ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡಿದ್ದಳು. ಬೆಳಿಗ್ಗೆ ಯಾರೋ ಹೇಳಿದರು: ಆ ಮರಕ್ಕೆ ಮಾಬ್ಲ ಮದ್ದು ಹಾಕಿದ್ದಾನಂತೆ.

ನಮ್ಮ ಕಡೆ ಮದ್ದು ಹಾಕುವುದೆಂದರೆ ಏನೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಬಾಳೆಹಣ್ಣಿನಲ್ಲೋ ಪಾಯಸದಲ್ಲೋ ಗುಟ್ಟಾಗಿ ತಿನ್ನಿಸಿ, ತಿಂದವನನ್ನು ತನ್ನ ಕೈವಶ ಮಾಡಿಕೊಳ್ಳುವುದು. ಸೊಸೆ ಅತ್ತೆಗೆ ಹಾಕುತ್ತಾಳೆ, ಅತ್ತೆ ಅಳಿಯನಿಗೆ ಹಾಕುತ್ತಾಳೆ. ಆದರೆ ಕಾಲಿನ ಮೂಲಕ ಇಡೀ ಊರಿಗೇ ಒಟ್ಟಿಗೆ ಹಾಕಿದವರನ್ನು ಯಾರೂ ಕೇಳಿರಲಿಲ್ಲ.

"ಎಂತಕೆ ಹಾಕಿರೂಕು ಹೇಳಿ?" ಎಂದು ಸುಕ್ರಿ ಬುಟ್ಟಿ ಇಳಿಸಿ ಚೇರ್ಮನ್ನರ ಅಂಗಳದಲ್ಲೇ ಕೂತಳು. "ಬರೂ ವರ್ಷ ಪಂಚಾಯತಿ ಓಟು. ಸಂಕ ದಾಟಿದವ್ರೆಲ್ಲ ಅವ ಹೇಳ್ದಲ್ಲಿ ಒತ್ತೂದು!"

ಬೊಮ್ಮಯ್ಯನವರು ಅದುವರೆಗೆ ನಗುತ್ತಿದ್ದವರು ನಗೆ ನಿಲ್ಲಿಸಿದರು. ಉದ್ಘಾಟನೆಯ ಟೇಪು ಕತ್ತರಿಸಿ ತಾವೇ ಮೂರು ಸಲ ಆಚೀಚೆ ನಡೆದಿದ್ದು ನೆನಪಾಯಿತು. ಅಷ್ಟೇ ಅಲ್ಲ, ಹಿಂದಿನ ದಿನ ಮಾಬ್ಲನಿಗೆ ಕಾರಣವಿಲ್ಲದೆ ಚಾ ಕುಡಿಸಿದ್ದೂ ನೆನಪಾಯಿತು. "ಅಯ್ಯೋ ದೇವ್ರೇ, ಹಿಡಿದೇ ಬಿಟ್ಟದೆ!" ಎಂದು ಎದೆಯ ಮೇಲೆ ಕೈಯಿಟ್ಟರು.

ಮದ್ದಿನ ಸುದ್ದಿ ಹೊನ್ನಾವರಕ್ಕೆ ಹೋಗಿ ಪೊಲೀಸರ ಕಿವಿಗೆ ಬಿತ್ತು. ಅಲ್ಲಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಹವಾಲ್ದಾರರು ಧಾರವಾಡದ ಕಡೆಯವರು. ಅವರ ಸೀಮೆಯಲ್ಲಿ ಮದ್ದು ಎಂದರೆ ಒಂದೇ, ಬಂದೂಕಿಗೆ ತುಂಬುವುದು. ಎರಡನೆಯ ಬಸ್ಸಿಗೇ ಬಂದಿಳಿದು, ಸಂಕದಿಂದ ಇಪ್ಪತ್ತು ಮಾರು ದೂರದಲ್ಲಿ ತೆಂಗಿನ ಮರದ ಮರೆಯಲ್ಲಿ ನಿಂತು ಕೂಗಿದರು.

"ಯಾಂವಲೇ ಅಂವ ಮಾಬ್ಲ? ಸರಕಾರಿ ಪೂಲಿಗೆ ಮದ್ದು ತುಂಬ್ಯಾನಂತ! ಲೈಸೆನ್ಸ್ ಎಲ್ಲೈತಿ?"

ಮಾಬ್ಲ ಸಂಕದ ನಡುವೆ ನಿಂತಿದ್ದ. ಅತ್ತ ದಡದಲ್ಲಿ ಪೊಲೀಸು, ಇತ್ತ ದಡದಲ್ಲಿ ಊರು. ಗಂಜಿ ತಂದಿದ್ದ ಮಾಸ್ತಮ್ಮ ಮಾತ್ರ ಅಂಜದೆ ಸಂಕದ ಮೇಲೆ ಬಂದಳು, ಗಂಡನ ಮೇಲೆ ನಂಬಿಕೆಯಿಂದಲ್ಲ, ಹತ್ತೊಂಬತ್ತು ವರ್ಷದಲ್ಲಿ ಅವನು ಹಾಕಿದ ಯಾವುದೂ ಯಾರಿಗೂ ಹಿಡಿದಿಲ್ಲವೆಂಬ ಅನುಭವದಿಂದ.

"ಒಡೆಯಾ, ಇದು ಗುಂಡಿನ ಮದ್ದಲ್ಲ!" ಎಂದು ಮಾಬ್ಲ ಅತ್ತ ಕೂಗಿದ. "ಕೈವಶದ ಮದ್ದೂ ಅಲ್ಲ ಮಾರಾಯ್ರಾ!" ಎಂದು ಇತ್ತ ಕೂಗಿದ.

"ಮತ್ತ್ಯಾವ ಮದ್ದಲೇ?"

"ಮರದ ಮದ್ದು! ಮರಕ್ಕೆ ಸೀಕಾಗ್ದೇ ಇರೂಕೆ!"

"ಮರಕ್ಕ ಬ್ಯಾನಿ ಬರತೈತೇನಲೇ?" ಎಂದು ಹವಾಲ್ದಾರರು ಮರದ ಮರೆಯಲ್ಲೇ ಇನ್ನಷ್ಟು ಸರಿದರು.

ಮಾತಿನಿಂದ ಆಗದ್ದನ್ನು ಮಾಡಿ ತೋರಿಸಬೇಕೆಂದು ಮಾಬ್ಲನಿಗೆ ಆವೇಶ ಬಂತು. ಸಂಕದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮಾಸ್ತಮ್ಮನ ಕೈಯಿಂದ ಪಾತ್ರೆ ಕಸಿದು, ಗಂಜಿಯ ತಿಳಿ ಬಸಿದು, ಅನ್ನವನ್ನು ಬರೀ ಹಲಗೆಯ ಮೇಲೆ ಸುರುವಿ, ಪಕ್ಕದಲ್ಲಿ ಒಂದು ಮಿಡಿ ಉಪ್ಪಿನಕಾಯಿ ಇಟ್ಟ. "ಕಾಣಿ ಎಲ್ಲರೂವ! ನಾನೇ ತಿಂತೆ!" ಎಂದು ಮೊದಲ ತುತ್ತು ಬಾಯಿಗಿಟ್ಟ. ಎರಡೂ ದಡ ಉಸಿರು ಹಿಡಿದವು. ಎರಡನೆಯ ತುತ್ತು. ಯಾರೋ ಚಪ್ಪಾಳೆ ಹೊಡೆದರು. ಮಾಬ್ಲ ಉತ್ಸಾಹದಲ್ಲಿ, ಸಂಕದ ದಾಖಲೆ ಪೊಲೀಸರ ಕೈಗೂ ಹೋಗಲೆಂದು ಜೇಬಿನ ಕಾಗದ ತೆಗೆದು, "ಲೈಸನ್ಸು ಇಲ್ಲಿ ಅದೆ, ಓದಿ ಹೇಳಿ ಮಾಸ್ತರೇ!" ಎಂದು ಗಾಳಿಗೆ ಚಾಚಿದ. ಮೂರನೆಯ ತುತ್ತಿನ ಜೊತೆ ಮಿಡಿಯನ್ನೂ ಬಾಯಿಗೆ ಹಾಕಿಕೊಂಡ.

ಮಾಸ್ತರು ಹೆದರುತ್ತ ನಾಲ್ಕು ಹೆಜ್ಜೆ ಬಂದು ಕಾಗದ ತೆಗೆದುಕೊಂಡು, ಕನ್ನಡಕ ಏರಿಸಿ, ಪಾಠ ಹೇಳುವ ಧ್ವನಿಯಲ್ಲಿ ಓದಿದರು.

"ಒಂದು. ಈ ಮರಕ್ಕೆ ಹಾಕಿದ ಮದ್ದು ವಿಷ. ಇದರ ಮೇಲೆ ಯಾವ ಕಾರಣಕ್ಕೂ ಆಹಾರ ಪದಾರ್ಥ ಇಡತಕ್ಕದ್ದಲ್ಲ."

ಮಾಬ್ಲ ಮಿಡಿಯನ್ನು ಇಡಿಯಾಗಿ ನುಂಗಿದ.

ಆಮೇಲಿನ ಗದ್ದಲವನ್ನು ವರ್ಣಿಸುವುದು ಕಷ್ಟ. ಮಾಸ್ತಮ್ಮ ಬೊಬ್ಬೆ ಹೊಡೆದಳು. ಹತ್ತು ಮಂದಿ ಮದ್ದಿನ ಭಯ ಮರೆತು ಸಂಕದ ಮೇಲೆ ನುಗ್ಗಿ ಮಾಬ್ಲನನ್ನು ಕೈಕಾಲು ಹಿಡಿದು ಎತ್ತಿದರು. ಹವಾಲ್ದಾರರು ಓಡಿದ್ದು ಸಹಾಯಕ್ಕೋ ಬಸ್ಸಿಗೋ ಎಂಬುದು ಕೊನೆವರೆಗೂ ಇತ್ಯರ್ಥವಾಗಲಿಲ್ಲ. ಬರಿದಾದ ಸಂಕದ ಮೇಲೆ ಮಾಸ್ತರು ಒಬ್ಬರೇ ನಿಂತು, ಆರಂಭಿಸಿದ್ದನ್ನು ಮುಗಿಸುವ ಶಿಸ್ತಿನಿಂದ ಮುಂದೆ ಓದಿದರು: "ಎರಡು. ಈ ಮರಕ್ಕೆ ಬರಿಯ ಕಬ್ಬಿಣದ ಮೊಳೆ ಬಳಸಕೂಡದು. ತಾಮ್ರದ್ದು ಅಥವಾ ಸತುವಿನ ಲೇಪದ್ದು ಮಾತ್ರ." ಕೇಳಲು ಒಂದು ಕೊಕ್ಕರೆ ಇತ್ತು.

ಡಾಕ್ಟರು ಹೊನ್ನಾವರದಲ್ಲಿ, ಮದ್ದು ತೆಗೆಯುವ ದುರ್ಗಿ ಅಜ್ಜಿ ಪಕ್ಕದ ಕೇರಿಯಲ್ಲಿ. ಮಾಬ್ಲನನ್ನು ಹತ್ತಿರದವಳ ಬಳಿಗೇ ಹೊತ್ತರು. ಅಜ್ಜಿ ಯಾವುದೋ ಬೇರಿನ ರಸ, ಹುಣಿಸೆ ನೀರು, ಮತ್ತೇನನ್ನೋ ಸೇರಿಸಿ ಒಂದು ಚೆಂಬು ಕುಡಿಸಿ ಬೆನ್ನಿಗೆ ಗುದ್ದಿದಳು. ಮಾಬ್ಲ ಬೆಳಗಿನ ಗಂಜಿಯಿಂದ ಹಿಡಿದು ಹಿಂದಿನ ದಿನದ್ದೆಲ್ಲ ಒಪ್ಪಿಸಿದ. ಕೊನೆಗೆ ಕಪ್ಪಾದ, ಸುಕ್ಕುಗಟ್ಟಿದ ಒಂದು ಉಂಡೆ ಬಿತ್ತು. ಅಜ್ಜಿ ಅದನ್ನು ಕಡ್ಡಿಯಿಂದ ಎತ್ತಿ ಊರಿಗೆ ತೋರಿಸಿದಳು.

"ಕಂಡ್ರಾ? ಇದೇ ಮದ್ದು! ಇಷ್ಟು ದೊಡ್ಡದ್ದನ್ನ ನಾನು ಈ ಜನ್ಮದಲ್ಲಿ ತೆಗೀಲಿಲ್ಲ."

ಜಟ್ಟಿ ಆಚಾರಿ ಬಗ್ಗಿ ನೋಡಿ, "ಅದು ಮಿಡಿ ಉಪ್ಪಿನಕಾಯಿ ಅಲ್ದಾ?" ಎಂದ. ಅವನ ಮಾತನ್ನು ಎಂದಿನಂತೆ ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಸಂಕದ ಮದ್ದೆಲ್ಲ ಒಂದೇ ಉಂಡೆಯಾಗಿ ಮಾಬ್ಲನ ಹೊಟ್ಟೆ ಸೇರಿ ಹೊರಗೆ ಬಿತ್ತೆಂದು ಅಜ್ಜಿ ತೀರ್ಪು ಕೊಟ್ಟಳು. ಮರುದಿನದಿಂದ ಊರು ನಿರ್ಭಯವಾಗಿ ಸಂಕ ದಾಟತೊಡಗಿತು. ಬೊಮ್ಮಯ್ಯನವರು ಮಾಬ್ಲನಿಗೆ ಚಾ ಕುಡಿಸುವುದನ್ನು ನಿಲ್ಲಿಸಿ ತಮ್ಮ ಆರೋಗ್ಯ ಪರೀಕ್ಷಿಸಿಕೊಂಡರು.

ಮೊದಲ ಮಳೆಗಾಲದಲ್ಲಿ ಮೊಳೆಯ ತಲೆಯ ಸುತ್ತ ಹಸಿರು ಮರ ಕಪ್ಪಾಯಿತು. ಜಟ್ಟಿ "ಕಣ್ಣಿಗೆ ಕಾಡಿಗೆ ಹಚ್ಚಿದ ಹಾಂಗೆ ಕಾಣ್ತದೆ" ಎಂದ. ಮಾಬ್ಲ ಚಂದವೇ ಆಯಿತಲ್ಲ ಎಂದ. ಎರಡನೆಯ ಮಳೆಗಾಲದಲ್ಲಿ ಮೊಳೆಯ ತಲೆಗಳು ಕುಂಕುಮದಂತೆ ಉದುರಿದವು. ಆಷಾಢದ ಒಂದು ಮಧ್ಯಾಹ್ನ, ಭರತವೂ ಗುಡ್ಡದ ನೀರೂ ಕೂಡಿ ಬಂದಾಗ, ಹಲಗೆಗಳು ಒಂದೊಂದಾಗಿ ಎದ್ದು, ಯಾರಿಗೂ ತೊಂದರೆ ಕೊಡದೆ, ಸಾಲಾಗಿ ತೇಲಿ ಹೋದವು. ಒಂದೇ ಒಂದು ಹಲಗೆಯೂ ಮುರಿದಿರಲಿಲ್ಲ.

ತೇಲಿದ್ದು ಕಡಲಿಗೆ ಹೋಗಲು ಕೇರಿಯವರು ಬಿಡಲಿಲ್ಲ. ಹಿಡಿದವನದೇ ಹಲಗೆ ಎಂಬ ನ್ಯಾಯ ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಸಂಕ ಹೋದ ಹಳ್ಳವನ್ನು ಜನ ಹಿಂದಿನಂತೆ ಲುಂಗಿ ಎತ್ತಿಕೊಂಡು ದಾಟತೊಡಗಿದರು. ಮಾಬ್ಲ ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ.

ಮಳೆ ನಿಂತ ಮೇಲೆ ಡಿಪೋದಿಂದ ಒಬ್ಬ ಸಾಹೇಬರು ಬಂದರು. ಮದ್ದು ಹಾಕಿದ ಮರ ಉಪ್ಪುನೀರಿನಲ್ಲಿ ಹೇಗೆ ಬಾಳುತ್ತಿದೆಯೆಂದು ನೋಡಿ ರಿಪೋರ್ಟು ಬರೆಯುವುದು ಅವರ ಕೆಲಸ. ಮೈಸೂರು ಕಡೆಯವರು, ಬಿಳಿ ಪ್ಯಾಂಟು, ಮೆತ್ತಗಿನ ಮಾತು. ಇಳಿತದ ಹೊತ್ತಾದ್ದರಿಂದ ಬೂಟು ಕಳಚಿ ಹಳ್ಳ ದಾಟಿ ಬಂದು, "ಸೇತುವೆ ಎಲ್ಲಿ?" ಎಂದು ಕೇಳಿದರು.

ಬೊಮ್ಮಯ್ಯನವರು ಮಾಬ್ಲನ ಮುಖ ನೋಡಿದರು. ಮಾಬ್ಲನಿಗೆ ಓಡಲು ಜಾಗವಿರಲಿಲ್ಲ.

"ಸಂಕ ಹಂಚಿಹೋಗಿದೆ ಸಾಹೇಬ್ರೇ," ಎಂದ. "ಬನ್ನಿ, ತೋರಿಸ್ತೆ."

ಒಂದು ಹಲಗೆ ಚಾ ಅಂಗಡಿಯ ಬೆಂಚಾಗಿತ್ತು. ಎರಡು ಸುಕ್ರಿಯ ಮನೆಯ ಬಾಗಿಲಾಗಿದ್ದವು. ನಾಲ್ಕು ಚೇರ್ಮನ್ನರ ಕೊಟ್ಟಿಗೆಯಲ್ಲಿ ಕಂಡಾಗ ಬೊಮ್ಮಯ್ಯನವರು, "ಇವು ಜೋಪಾನಕ್ಕೆ ಇಟ್ಟದ್ದು," ಎಂದು ಕೆಮ್ಮಿದರು. ಸಾಹೇಬರು ಮನೆಮನೆಗೆ ಹೋಗಿ ಚಾಕುವಿನಿಂದ ಕೆರೆದು ನೋಡಿದರು. ಎಲ್ಲೂ ಕುಂಬಿಲ್ಲ, ಹುಳವಿಲ್ಲ. ಅವರ ಮುಖ ಅರಳುತ್ತ ಹೋಯಿತು. "ಅದ್ಭುತ! ಅದ್ಭುತ ಕಣ್ರೀ!" ಎಂದು ಚಾ ಅಂಗಡಿಯ ಬೆಂಚಿನ ಮೇಲೆ ಕೂತು ಎರಡು ಚಾ ಕುಡಿದರು. ಹಾಗಾದರೆ ಸಂಕ ಹೋದದ್ದೇಕೆ ಎಂದು ಅವರು ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅವರ ಫಾರ್ಮಿನಲ್ಲಿ ಇರಲಿಲ್ಲವೋ ಏನೋ.

ಅಷ್ಟರಲ್ಲಿ ಭರತ ಏರಿತ್ತು. ಆಚೆ ಬಸ್ಸಿನ ಹೊತ್ತಾಗಿತ್ತು. ಎದೆಮಟ್ಟ ನೀರು ನೋಡಿ ಸಾಹೇಬರು ತಮ್ಮ ಬಿಳಿ ಪ್ಯಾಂಟು ನೋಡಿಕೊಂಡರು.

"ಕೂರಿ ಸಾಹೇಬ್ರೇ," ಎಂದು ಮಾಬ್ಲ ಬಗ್ಗಿ ಹೆಗಲು ಕೊಟ್ಟ.

ಬೂಟನ್ನು ಕೊರಳಿಗೆ ಹಾಕಿಕೊಂಡು ಸಾಹೇಬರು ಹೆಗಲೇರಿದರು. ನಡುನೀರಿಗೆ ಬಂದಾಗ, ಮೇಲಿನಿಂದ ಬಹಳ ಸಂತೋಷದ ಧ್ವನಿಯಲ್ಲಿ ಕೇಳಿದರು: "ಇಷ್ಟು ಒಳ್ಳೆ ಮರ, ಅದ್ಯಾಕಪ್ಪ ಕಿತ್ತು ಹೋಯ್ತು?"

ಮಾಬ್ಲ ನಿಂತುಬಿಟ್ಟ. ಎರಡು ಮಳೆಗಾಲದಿಂದ ಗಂಟಲಲ್ಲಿದ್ದದ್ದು ಬಾಯಿಗೆ ಬಂತು.

"ಮರ ಹೋಗಲಿಲ್ಲ ಸಾಹೇಬ್ರೇ. ಮೊಳೆ ಹೋತು. ನಾನು ಕಬ್ಬಿಣದ್ದು ಹೊಡೆಸ್ದೆ. ಭಟ್ಕಳದ ಸಾಹೇಬ್ರು ಬೇಡ ಹೇಳಿದ್ರು, ಜಟ್ಟಿ ಬೇಡ ಹೇಳ್ದ, ನಿಮ್ಮ ಕಾಗದದಲ್ಲೂ ಬೇಡ ಹೇಳಿ ಇತ್ತಂತೆ, ಆಮೇಲೆ ಮಾಸ್ತರು ಹೇಳಿದ್ರು. ನಂಗೆ ಇಂಗ್ಲಿಷ್ ಬರೂದಿಲ್ಲ. ಮರದ ವಿಷಯವೂ ಗೊತ್ತಿಲ್ಲ. ನಾನು ಡಿಪೋದಲ್ಲಿ ನಂಬರು ಬರೀತಿದ್ದವ."

ಸಾಹೇಬರ ಕಾಲು ಅವನ ಎದೆಯ ಮೇಲೆ ಬಿಗಿಯಾಯಿತು. "ಕಬ್ಬಿಣದ ಮೊಳೆನಾ! ಯಾವ ಮೂರ್ಖ..." ಎಂದು ಆರಂಭಿಸಿ ಕೆಳಗೆ ನೋಡಿದರು. ಕೆಳಗೆ ಕಂದು ನೀರು ಸುಳಿಯುತ್ತಿತ್ತು. ಹೊತ್ತವನ ಮೇಲೆ ನಡುನೀರಿನಲ್ಲಿ ಸಿಟ್ಟಾಗುವ ಅಧಿಕಾರಿ ಇನ್ನೂ ಹುಟ್ಟಿಲ್ಲ. "ಆಯ್ತು ಆಯ್ತು, ತಪ್ಪು ಎಲ್ಲರಿಗೂ ಆಗತ್ತೆ. ನಿಧಾನ ನಡೀಪ್ಪ," ಎಂದರು.

ದಡ ಮುಟ್ಟಿ, ಬೂಟು ಹಾಕಿ, ದಾರ ಬಿಗಿದ ಮೇಲೆ ಅವರು ಮತ್ತೆ ಅಧಿಕಾರಿಯಾದರು. "ಇದನ್ನೆಲ್ಲ ಈಗಲೇ ರಿಪೋರ್ಟಿನಲ್ಲಿ ಬರೀತೀನಿ. ನಿನ್ನ ಹೆಸರು ಹಾಕಿ ಬರೀತೀನಿ. ಎಲ್ಲಿ ನನ್ನ ಚೀಲ?"

ಚೀಲ ಚಾ ಅಂಗಡಿಯ ಬೆಂಚಿನ ಮೇಲಿತ್ತು, ಆಚೆ ದಡದಲ್ಲಿ.

ಮಾಬ್ಲ ಮತ್ತೆ ನೀರಿಗಿಳಿದ. ತನ್ನ ವಿರುದ್ಧ ಬರೆಯಬೇಕಾದ ಕಾಗದ, ಪೆನ್ನು, ಎರಡೂ ಇದ್ದ ಚೀಲವನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದು, ಗದ್ದದವರೆಗೆ ಏರಿದ ನೀರಿನಲ್ಲಿ ಒಂದು ಹನಿ ತಾಗಿಸದೆ ತಂದು ಒಪ್ಪಿಸಿದ. ಸಾಹೇಬರು ಚೀಲ ತೆರೆದರು, ಪೆನ್ನು ತೆಗೆದರು, ನೀರು ಸುರಿಯುತ್ತ ನಿಂತ ಖಾಕಿ ಚಡ್ಡಿಯನ್ನು ನೋಡಿದರು. ಬಸ್ಸು ಹಾರ್ನು ಹೊಡೆಯಿತು. ನಾಲ್ಕು ಸಾಲು ಬರೆದು ಹತ್ತಿದರು.

ಒಂದು ತಿಂಗಳ ಮೇಲೆ, ಹೊಸ ಸಂಕ ಕೇಳಿ ಬರೆದಿದ್ದ ಪಂಚಾಯತಿಗೆ ಆಫೀಸಿನ ಉತ್ತರ ಬಂತು. ಮಾಸ್ತರು ಶಾಲೆಯಲ್ಲಿ ಎಲ್ಲರ ಮುಂದೆ ಓದಿದರು. ಮಾಬ್ಲ ಬಾಗಿಲ ಹೊರಗೆ ತಲೆ ತಗ್ಗಿಸಿ ನಿಂತಿದ್ದ.

"ಮರ ಅತ್ಯುತ್ತಮ ಸ್ಥಿತಿಯಲ್ಲಿದೆ. ಮುಂದಿನ ಬಾರಿ ತಾಮ್ರದ ಮೊಳೆ ಬಳಸಲು ಸೂಚಿಸಲಾಗಿದೆ. ಉಸ್ತುವಾರಿ ವಹಿಸಿದ ಮಾಬ್ಲ ನಾಯ್ಕರು ಸತ್ಯವಂತರು, ದೃಢಕಾಯರು. ಸದರಿ ಹಳ್ಳವನ್ನು ದಾಟಿಸಲು ಅವರು ಮಾಡಿರುವ ಬದಲಿ ವ್ಯವಸ್ಥೆಯನ್ನು ನಮ್ಮ ಅಧಿಕಾರಿಗಳು ಖುದ್ದಾಗಿ ಪರೀಕ್ಷಿಸಿದ್ದು, ಅದು ತೃಪ್ತಿಕರವಾಗಿದೆ. ಆದ್ದರಿಂದ ಹೊಸ ಸೇತುವೆಯ ಅಗತ್ಯ ಸದ್ಯಕ್ಕೆ ಕಂಡುಬರುವುದಿಲ್ಲ."

ಎಲ್ಲರೂ ತಿರುಗಿ ಬಾಗಿಲ ಕಡೆ, ಮಾಬ್ಲನ ಹೆಗಲನ್ನೇ ನೋಡಿದರು. ಸುಕ್ರಿ ಎದ್ದು ಬಂದು ತನ್ನ ಮೀನಿನ ಬುಟ್ಟಿಯನ್ನು ಅವನ ಕಾಲ ಬಳಿ ಇಟ್ಟಳು.

"ಭರತ ಏರ್ತಾ ಅದೆ ಮಾಬ್ಲಣ್ಣ," ಎಂದಳು. "ಹೊತ್ತಾತು. ಬಗ್ಗು ಕಾಂಬ."

ಮಾಬ್ಲ ಹೆಂಡತಿಯ ಮುಖ ನೋಡಿದ. ಮಾಸ್ತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು, ಅಳುವಿಗಲ್ಲ. ಅವನು ಚಡ್ಡಿ ಬಿಗಿದು ಕಟ್ಟಿಕೊಂಡು ಬಗ್ಗಿದ.